ಒಂದು ತಾಸು ಕೂತು ನೋಡಬೇಕು

ಇಂಟರ್‌ನೆಟ್ ಕಂಪನಿಯ ಟೆಕ್ನಿಷಿಯನ್ ಧರ್ಮರಾಜ ಮೊದಲ ಸಲ ಬಂದಾಗ ಮೃಣಾಲಿನಿ ಅವನ ಮೇಲೆ ರೇಗಿಬಿಟ್ಟಳು. ರೇಗುವುದಕ್ಕೆ ಕಾರಣವೂ ಇತ್ತೆನ್ನಿ. ಬಾಗಲಕೋಟೆಯ ನವನಗರದ ಆ ಮಹಡಿ ಮನೆಯಲ್ಲಿ ಒಬ್ಬಳೇ ಕೂತು, ಎಲ್ಲೆಲ್ಲಿಯದೋ ಊರಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿ ಬದುಕುವವಳು ಅವಳು. ಪಾಠದ ನಡುವೆ ರೂಟರ್ ತಾನಾಗಿ ಆರಿ, ತಾನಾಗಿ ಹತ್ತಿಕೊಂಡರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಮಂಗಳವಾರ ಇಂಟರ್‌ನೆಟ್ ಕಂಪನಿಯವರು ಅದರೊಳಗಿನ ಸಾಫ್ಟ್‌ವೇರನ್ನು, ಫರ್ಮ್‌ವೇರ್ ಅನ್ನುತ್ತಾರಲ್ಲ ಅದನ್ನು, ದೂರದಿಂದಲೇ ಹೊಸದು ಮಾಡಿದ್ದರು. ಅಂದಿನಿಂದ ಶುರುವಾಯಿತು ಈ ಕಾಟ. ಹೊತ್ತಿಲ್ಲ ಗೊತ್ತಿಲ್ಲ, ದಿನಕ್ಕೆ ಐದಾರು ಸಲ.

ಅವನು ಬೈಸಿಕೊಂಡು ರೂಢಿಯಾದ ಮನುಷ್ಯ. ಬಾಗಿಲಲ್ಲಿ ಬೂಟು ಬಿಟ್ಟು ಬಂದು ಅಡಾಪ್ಟರ್ ಬದಲಿಸಿದ. ಅದರಿಂದ ಗುಣ ಕಾಣಲಿಲ್ಲ. ಎರಡನೆಯ ಸಲ ಬಂದು, ಫ್ರಿಜ್ಜಿನ ಮೇಲೆ ಬಿಸಿಯಾಗಿ ಕೂತಿದ್ದ ರೂಟರನ್ನು ಗಾಳಿಯಾಡುವ ಕಡೆ ಇಟ್ಟ. ಆಗಲೂ ಅದೇ ಕಥೆ. ಮೂರನೆಯ ಸಲ ಲ್ಯಾಪ್‌ಟಾಪ್ ತಂದು, ವೈರು ಸಿಕ್ಕಿಸಿ, ಹೊಸ ಫರ್ಮ್‌ವೇರ್ ತೆಗೆದು ಹಳೆಯದನ್ನೇ ಮರಳಿ ಹಾಕಿದ.

“ಆತ್ರಿ ಟೀಚರ್ರ. ಆದ್ರ ಒಂದ್ ತಾಸ ಕುಂತ ನೋಡ್ಬೇಕು. ರೂಲ್ ಐತಿ,” ಅಂದ.

ಕೂತ. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಹಸಿರು ದೀಪದ ಮೇಲೆ ಕಣ್ಣಿಟ್ಟು. ಮೃಣಾಲಿನಿ ಐದನೆಯ ಇಯತ್ತೆಯ ಮಕ್ಕಳಿಗೆ ಭಿನ್ನರಾಶಿ ಹೇಳುತ್ತಿದ್ದಳು. ಪಾಠ ಮುಗಿದು ತಲೆಯೆತ್ತಿದರೆ ಅವನು ದೀಪ ನೋಡುವುದು ಬಿಟ್ಟು ಅವಳ ಬೋರ್ಡನ್ನು ನೋಡುತ್ತಿದ್ದ. ಸಿಕ್ಕಿಬಿದ್ದವನ ಹಾಗೆ ಕಿವಿ ಕೆಂಪಾಯಿತು. ಸಾಲೆಯಲ್ಲಿ ತಿಳಿಯದ್ದು ಇವತ್ತು ತಿಳಿಯಿತು ಅಂದ. ಅವಳಿಗೆ ನಗು ಬಂತು. ಆ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೋ, ಅವಳಿಗೇ ತನ್ನ ದನಿ ಹೊಸದಾಗಿ ಕೇಳಿಸಿತು.

ಚಹಾ ಕುಡಿಯುತ್ತ ಅಷ್ಟಿಷ್ಟು ಮಾತಾಯಿತು. ಅವನು ತುಳಸಿಗೇರಿಯವನು, ಹೆಂಡತಿ ತೀರಿ ನಾಲ್ಕು ವರ್ಷ. ಅವಳು ಬಾದಾಮಿಯವಳು, ಮದುವೆ ಮುರಿದು ಏಳು ವರ್ಷ. ಇಬ್ಬರೂ ಅಯ್ಯೋ ಪಾಪ ಅನ್ನಲಿಲ್ಲ. ಅದೇ ಅವಳಿಗೆ ಹಿಡಿಸಿತು. ತಾಸು ಮುಗಿಯಿತು, ದೀಪ ಆರಲಿಲ್ಲ, ಅವನು ಎದ್ದು ಹೋದ.

ಆಮೇಲೆ ಐದು ದಿನ ರೂಟರ್ ಒಂದೇ ಸಮನೆ ಉರಿಯಿತು. ಇಷ್ಟು ಸರಿಯಾಗಿ ನಡೆಯುವ ಸಾಮಾನನ್ನು ಕಂಡು ಯಾರಾದರೂ ಅಳುತ್ತಾರೆಯೇ? ಮೃಣಾಲಿನಿ ಅತ್ತಳು. ದಿನಕ್ಕೆ ಆರು ತಾಸು ಮಾತಾಡುವವಳು, ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಮಾತಾಡಲು ಒಬ್ಬರಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಸರಿಸಲು ಮನಸ್ಸಾಗಲಿಲ್ಲ. ಆರನೆಯ ದಿನ ಮಧ್ಯಾಹ್ನ ಕೈ ಚಾಚಿ ಸ್ವಿಚ್ ಆರಿಸಿದಳು. ಹತ್ತು ಎಣಿಸಿ ಮತ್ತೆ ಹಚ್ಚಿದಳು. ಕಂಪನಿಗೆ ಫೋನ್ ಮಾಡಿ, ರೂಟರ್ ಮತ್ತೆ ರೀಸ್ಟಾರ್ಟ್ ಆಗುತ್ತಿದೆ ಅಂದಳು.

ಅವನು ಬಂದ. ಲ್ಯಾಪ್‌ಟಾಪ್ ಹಚ್ಚಿ ಏನೋ ಓದಿದ, ಒಂದು ಗಳಿಗೆ ಸುಮ್ಮನಿದ್ದ. ಅವಳ ಕಡೆ ನೋಡಬೇಕೆಂದವನು ನೋಡದೆ, ಅಡಾಪ್ಟರ್ ಬಿಚ್ಚಿ ಮತ್ತೆ ಹಚ್ಚಿದ. “ಒಂದ್ ತಾಸ ಕುಂತ ನೋಡ್ತೇನ್ರಿ,” ಅಂದ.

ಹೀಗೆ ಹದಿನೈದು ದಿನದಲ್ಲಿ ನಾಲ್ಕು ಸಲ. ನಾಲ್ಕು ತಾಸು. ಬಾಕಿ ದಿನಗಳೆಲ್ಲ ಆ ತಾಸುಗಳ ದಾರಿ ಕಾಯುವುದಕ್ಕೇ ಇದ್ದವು.

ಐದನೆಯ ಸಲ ಬಾಗಿಲು ತೆರೆದರೆ ಬೇರೆ ಯಾರೋ ನಿಂತಿದ್ದ. ಶಿವಪ್ರಕಾಶ ಎಂಬ ಇನ್ನೊಬ್ಬ ಟೆಕ್ನಿಷಿಯನ್. ಬಂದವನೇ ಲ್ಯಾಪ್‌ಟಾಪ್ ಹಚ್ಚಿ ನಕ್ಕುಬಿಟ್ಟ. ರೂಟರ್ ಯಾವಾಗ ಆರಿತು, ಯಾಕೆ ಆರಿತು ಎಂಬುದನ್ನೆಲ್ಲ ಅದೇ ಬರೆದಿಟ್ಟುಕೊಳ್ಳುತ್ತದಂತೆ. ಮೊದಲಿನವು ಖರೆಯೇ ತಾನಾಗಿ ಆರಿದ್ದು. ಹಳೆಯ ಫರ್ಮ್‌ವೇರ್ ಮರಳಿ ಹಾಕಿದ ಮೇಲಿನವೆಲ್ಲ ಕರೆಂಟು ತಪ್ಪಿ ಆರಿದ್ದು. ಮನೆಯಲ್ಲಿ ಇನ್ವರ್ಟರ್ ಇದೆಯೆಂದ ಮೇಲೆ ಯಾರೋ ಸ್ವಿಚ್ ಒತ್ತಿರಬೇಕು. ಧರ್ಮಣ್ಣನ ಕಣ್ಣಿಗೆ ಇದು ಹೇಗೆ ಬೀಳಲಿಲ್ಲವೋ ಅಂದ.

ಮೃಣಾಲಿನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೀಳದೆ ಏನು? ಧರ್ಮರಾಜ ಓದಿ ಸುಮ್ಮನಾದ ಆ ಗಳಿಗೆ ಈಗ ನೆನಪಾಯಿತು.

ಶಿವಪ್ರಕಾಶ ಇನ್ನೂ ಹೇಳುತ್ತಿದ್ದ. ಒಂದೇ ಮನೆಯಿಂದ ಮೇಲಿಂದ ಮೇಲೆ ಕಂಪ್ಲೇಂಟ್ ಬಂದರೆ ಆ ಟೆಕ್ನಿಷಿಯನ್‌ಗೆ ಕೆಲಸ ಬರುವುದಿಲ್ಲ ಅಂತಲೇ ಲೆಕ್ಕ. ಧರ್ಮಣ್ಣನನ್ನು ಹುನಗುಂದ, ಇಳಕಲ್ಲಿನ ಕಡೆ ಹಾಕಿದ್ದಾರೆ. ತಿಂಗಳ ಕೊನೆಗೆ ಕಾಂಟ್ರಾಕ್ಟ್ ಮುಗಿದರೆ ಮುಂದುವರಿಸುವುದಿಲ್ಲವಂತೆ.

ತನ್ನ ಒಂಟಿತನಕ್ಕೆ ಒಬ್ಬ ಮನುಷ್ಯನ ಅನ್ನ ಹೋಗುತ್ತಿದೆ. ಮೃಣಾಲಿನಿ ಅಂದಿನ ಪಾಠಗಳಿಗೆ ರಜೆ ಹಾಕಿ ಕಂಪನಿಯ ಆಫೀಸಿಗೆ ಹೋದಳು.

ಸೂಪರ್‌ವೈಸರ್ ಖುಶನುಮಾ ಮೇಡಂ ಮುಂದೆ ನಿಂತು, ಐದು ಸಲವೂ ಸ್ವಿಚ್ ಆರಿಸಿದವಳು ನಾನೇ ಎಂದು ಬರೆದುಕೊಟ್ಟಳು. ಅವರು ಓದಿ, ಹಾಳೆ ವಾಪಸು ಚಾಚಿದರು. “ಕಾರಣ ಬರೀರಿ. ಕಾರಣ ಇಲ್ಲಂದ್ರ ಮ್ಯಾಲಿನವ್ರು ಒಪ್ಪಂಗಿಲ್ಲ.”

ಪ್ರತಿ ಲೆಕ್ಕಕ್ಕೂ ಕಾರಣ ಬರೆಯಿರಿ ಎಂದು ಮಕ್ಕಳನ್ನು ಕಾಡುವವಳು ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತಳು. ಕೊನೆಗೆ ಬರೆದಳು: ‘ರಿಪೇರಿಯಾದ ಮೇಲೆ ಅವರು ಒಂದು ತಾಸು ಕೂರುತ್ತಾರೆ. ನನ್ನ ಮನೆಯಲ್ಲಿ ಬೇರೆ ಯಾರೂ ಕೂರುವುದಿಲ್ಲ.’

ಖುಶನುಮಾ ಮೇಡಂ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಇದರ ಕೆಳಗೆ ಅವನ ಸಹಿಯೂ ಬೇಕು, ಸೋಮವಾರದೊಳಗೆ ಬೇಕು, ಸಹಿಯ ಫೋಟೊ ಕಳಿಸಿದರೆ ನಡೆಯುವುದಿಲ್ಲ ಅಂದರು. ಹುನಗುಂದಕ್ಕೆ ಹೋಗುವವರ ಕೈಯಲ್ಲಿ ಕಳಿಸಲೇ ಎಂದು ಕೇಳಿದರು. ತಾನೇ ಒಯ್ಯುತ್ತೇನೆ ಅಂದಳು ಮೃಣಾಲಿನಿ. ಬೇರೆಯವರು ಆ ಎರಡು ಸಾಲು ಓದುವುದು ಅವಳಿಗೆ ಬೇಡವಾಗಿತ್ತು.

ಅವಳ ಫೋನ್ ಬಂದದ್ದೇ ಹುನಗುಂದದ ಬಸ್‌ಸ್ಟ್ಯಾಂಡಿಗೆ ಅವನು ಬೈಕಿನಲ್ಲಿ ಬಂದ. ಬೆನ್ನಿಗೆ ಟೂಲ್ ಬ್ಯಾಗು, ಶರ್ಟಿನ ತುಂಬ ಧೂಳು. ಅವಳನ್ನು ಕಂಡು ಮುಖ ಅರಳಿತು, ಕೈಯ ಕಾಗದ ಕಂಡು ಮುದುಡಿತು. ಕಲ್ಲುಬೆಂಚಿನ ಮೇಲೆ ಕೂತು ಓದಿದ. ಕೊನೆಯ ಎರಡು ಸಾಲನ್ನು ಮತ್ತೊಮ್ಮೆ ಓದಿದ.

“ಇದಕ್ಕ ನಾ ಸಹಿ ಮಾಡಂಗಿಲ್ರಿ ಟೀಚರ್ರ.”

“ಯಾಕ್ರಿ?”

“ಇದು ಅರ್ಧಾನ ಖರೆ ಐತಿ. ಮೊದಲ್ನೇ ಸಲಾನ ನನಗ ಗೊತ್ತಾಗಿತ್ತು. ಗೊತ್ತಿದ್ದೂ ಕುಂತೇನಿ. ಈಗ ಎಲ್ಲಾ ನಿಮ್ಮೊಬ್ಬರ ಮ್ಯಾಲ ಹೆಂಗ ಹಾಕ್ಲಿ?” ಅದನ್ನೂ ಬರೆಯಲು ಪೆನ್ನಿನ ಮುಚ್ಚಳ ತೆಗೆದ.

ಬರೆದರೆ ಕೆಲಸ ಹೋಯಿತು. ಮೃಣಾಲಿನಿ ಕಾಗದದ ಮೇಲೆ ಅಂಗೈ ಊರಿದಳು. ಅವನ ಬೆರಳು ಅವಳ ಬೆರಳಿಗೆ ತಾಗಿ ಅಲ್ಲೇ ನಿಂತಿತು. ಇಬ್ಬರೂ ಕೈ ತೆಗೆಯಲಿಲ್ಲ.

“ಅದನ್ನ ಆಫೀಸ್ನವರು ಕೇಳಿಲ್ಲ. ನಾ ಕೇಳ್ತೀನಿ, ನನಗ ಹೇಳ್ರಿ. ಗೊತ್ತಿದ್ದೂ ಯಾಕ ಬಂದ್ರಿ?”

“ಎಲ್ಲಾ ಮನ್ಯಾಗೂ ನಾ ಯಾವಾಗ ಹೊಂಟೇನೋ ಅಂತ ನೋಡ್ತಿರ್ತಾರ್ರಿ,” ಅಂದ. “ನಿಮ್ಮ ಮನ್ಯಾಗ ಒಂದ, ನಾ ಬಂದೇನಂತ ಖುಷಿ ಇತ್ತು.”

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲೂ ಇಲ್ಲ. ಅಂಗೈ ಸರಿಸಿ, ಸಹಿ ಮಾಡುವ ಜಾಗ ತೋರಿಸಿದಳು. ಅವನು ಸಹಿ ಹಾಕಿದ, ಅಷ್ಟೇ ಹಾಕಿದ.

ಬಾಗಲಕೋಟೆಯ ಬಸ್ಸು ಬಂದು ನಿಂತಿತು. ಇನ್ನು ಮೇಲೆ ಅವನು ಇಳಕಲ್ಲಿನ ಕಡೆಯವನೇ; ಕೆಲಸ ಉಳಿದರೂ ನವನಗರ ಅವನ ಪಾಲಿಗಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಕಿಟಕಿಯ ಪಕ್ಕ ಕೂತ ಮೇಲೆ ಅವನು ಸರಳು ಹಿಡಿದು ನಿಂತ.

“ಐತವಾರ ನನಗ ಸೂಟಿ ಇರ್ತೈತ್ರಿ. ಕಂಪ್ಲೇಂಟ್ ಇಲ್ಲದ ಬಂದ್ರ ನಡೀತೈತೇನ್ರಿ?”

ಬಸ್ಸು ಹೊರಟಿತು. ಅವನು ಎರಡು ಹೆಜ್ಜೆ ಜೊತೆಗೇ ನಡೆದ.

“ಬರ್ರಿ,” ಅಂದಳು ಮೃಣಾಲಿನಿ. “ಆ ಟೂಲ್ ಬ್ಯಾಗ್ ಮನ್ಯಾಗ ಇಟ್ಟು ಬರ್ರಿ.”