ಬೊಮ್ಮಜ್ಜಿಯ ನೋಟ

"ಏಯ್! ಏನು ಮಾಡ್ತಿದ್ದೀರಿ ನೀವು?"

ಹರಿಣಿ ಕೂಗುವಷ್ಟರಲ್ಲಿ ಅವನು ಹೆಗಲ ಮೇಲಿನ ಟವೆಲ್ ತೆಗೆದು ಅವಳು ತೆಗೆದಿದ್ದ ದೊಡ್ಡ ಫೋಟೋಕ್ಕೆ ಹೊದಿಸಿಯಾಗಿತ್ತು. ಪ್ರದರ್ಶನಕ್ಕೆಂದು ಬಂದಿದ್ದ ಕಾರವಾರದ ಜನರೆಲ್ಲ ತಿರುಗಿ ನೋಡಿದರು. ಅವನೂ ತಿರುಗಿದ.

ನಾಗೇಶ!

ಎಂಟು ತಿಂಗಳ ಮೇಲೆ ಕಂಡ ಮುಖ. ಅಗಸೂರಿನ ಗದ್ದೆಯಂಚಿನಲ್ಲಿ 'ಮದುವೆ ಅಂತಾದ್ರೆ ನಿನ್ನನ್ನೇ' ಎಂದವನು, ಒಂದು ದಿನ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಭಟ್ಟರ ಮಗಳು ಬೇಡ ಎಂದು ಮನೆಯವರು ಹೇಳಿರಬೇಕು ಅಂದುಕೊಂಡು ಅವಳು ಎಷ್ಟು ಅತ್ತಿದ್ದಳೋ, ಆ ದೇವರಿಗೇ ಗೊತ್ತು.

"ಜನ ನೋಡ್ತಿದ್ದಾರೆ ನಾಗೇಶ. ಟವೆಲ್ ತೆಗಿ."

"ನೋಡ್ತಾರೆ ಅಂತಲೇ ಹಾಕಿದ್ದು."

ಟವೆಲ್ಲಿನಡಿ ಇದ್ದದ್ದು ಅವನ ಅಜ್ಜಿ ಬೊಮ್ಮು. ಬರಿ ಹೆಗಲು, ಎದೆ ತುಂಬ ಮಣಿಸರ, ಎಲ್ಲೋ ದೂರ ನೆಟ್ಟ ಕಣ್ಣು. 'ಯುಗಗಳಾಚೆಗಿನ ನೋಟ' ಎಂದು ತೀರ್ಪುಗಾರರು ಬಹುಮಾನ ಕೊಟ್ಟಿದ್ದರು.

"ಕೇಳಿಯೇ ತೆಗೆದದ್ದು ನಾನು! ಅಜ್ಜಿ ಹೂಂ ಅಂದಿದ್ರು."

"ಎಂತಾ ಕೇಳ್ದೆ? ಪೋಲ್ಕ ತೆಗೀರಿ, ಹಳೇ ಕಾಲದ ಹಾಗೆ ಕಾಣ್ಬೇಕು ಅಂದೆ. ಕನ್ನಡಕ ಬೇಡ ಅಂದೆ. ಹೌದಾ, ಅಲ್ವಾ?"

ಟವೆಲ್ ಎಳೆಯಲು ಚಾಚಿದ್ದ ಕೈಯನ್ನು ಹರಿಣಿ ಹಿಂದಕ್ಕೆ ತೆಗೆದುಕೊಂಡಳು.

"ನಲವತ್ತು ವರ್ಷದಿಂದ ಪೋಲ್ಕ ಇಲ್ಲದೆ ಅಂಗಳಕ್ಕೆ ಇಳಿದವಳಲ್ಲ ಅವಳು. ಹೀಗೆ ಕೇಳಿದವರನ್ನೆಲ್ಲ ಕಸ ಗುಡಿಸೋ ಹಿಡಿಕುಂಟೆ ಹಿಡ್ಕಂಡು ಓಡಿಸಿದವಳು! ನಿನಗೆ ಮಾತ್ರ ಯಾಕೆ ಒಪ್ಪಿದ್ಲು, ಗೊತ್ತುಂಟಾ?"

"ಯಾಕೆ...?"

"'ನಮ್ಮನೆಗೆ ಬರೂ ಹುಡುಗಿ ಮಗಾ, ಅದ್ಕೆ ಇಲ್ಲ ಅನ್ನೂದು ಹೆಂಗೆ?' ಅಂದ್ಲು. ಈ ಫೋಟೋ ಪೇಪರಿನಲ್ಲಿ ಬಂತಲ್ಲ, ಆಮೇಲೆ ಅಂಕೋಲೆ ಸಂತೆಗೆ ಹೋಗೂದನ್ನೇ ಬಿಟ್ಲು."

"ಫೋನ್ ಎತ್ತದೆ ಇರೋ ಬದಲು ಬಂದು ನಾಲ್ಕು ಮಾತು ಬೈಬಹುದಿತ್ತಲ್ಲ ನನಗೆ!"

"ಯಾವ ಬಾಯಲ್ಲಿ? ನಿನ್ನ ಕರ್ಕಂಡು ಹೋದವ ನಾನೇ ಅಲ್ವನೇ."

"ಈಗಲೇ ಬರ್ತೇನೆ. ಅಜ್ಜಿ ಕಾಲು ಹಿಡೀತೇನೆ..."

ನಾಗೇಶ ನೆಲ ನೋಡಿದ. "ಕಾಲು ಎಲ್ಲುಂಟು ಹರಿಣಿ? ತೀರಿಹೋಗಿ ಮೂರು ತಿಂಗಳಾಯ್ತು."

ಅವಳ ಕಿವಿಯಲ್ಲಿ ಆ ದಿನದ ದನಿ ಎದ್ದು ಬಂತು. 'ಎಲ್ಲಿದ್ದೀ ತಂಗೀ? ಕಾಣೂದಿಲ್ಲ ನಂಗೆ.' ಕನ್ನಡಕವಿಲ್ಲದೆ ಅಜ್ಜಿ ಹಾಗೆ ಹುಡುಕುತ್ತಿದ್ದ ಗಳಿಗೆಯಲ್ಲೇ ತಾನು ಕ್ಲಿಕ್ಕಿಸಿದ್ದಳು. ಉತ್ತರವನ್ನೂ ಕೊಟ್ಟಿರಲಿಲ್ಲ!

ಯಾವ ಯುಗ? ಯಾವ ಆಚೆ? ಆ ಕಣ್ಣು ಹುಡುಕಿದ್ದು ಎದುರಿಗೇ ಇದ್ದ ತನ್ನನ್ನು...

ಅವಳು ಟವೆಲ್ ಸರಿಯದಂತೆ ಚೌಕಟ್ಟನ್ನು ಮೆಲ್ಲಗೆ ಗೋಡೆಯಿಂದ ಇಳಿಸಿದಳು.

"ಹರಿಣಿ, ಬಹುಮಾನದ ಫೋಟೋ ಅದು!" ಪ್ರದರ್ಶನ ಏರ್ಪಡಿಸಿದ್ದ ವೈಜಯಂತಿ ಮೇಡಂ ಓಡಿ ಬಂದರು.

"ಬಹುಮಾನ ವಾಪಸ್ ಕೊಡ್ತೇನೆ ಮೇಡಂ." ಅವಳು ಜನರ ಕಡೆ ತಿರುಗಿದಳು. "ಈ ಅಜ್ಜಿ ಹೀಗಿರಲಿಲ್ಲ. ನಾನು ಹೀಗೆ ಮಾಡಿಸಿದ್ದು. ನನ್ನ ಮೇಲಿನ ಪ್ರೀತಿಗೆ ಅವರು ಬೇಡ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡೆ."

ಖಾಲಿ ಗೋಡೆಯಲ್ಲಿ ಮೊಳೆಯೊಂದೇ ಉಳಿಯಿತು.

ಹೊರಗೆ ಮೆಟ್ಟಿಲ ಮೇಲೆ ಕೂತು ಅವಳು ಅತ್ತಳು. ನಾಗೇಶ ಪಕ್ಕದಲ್ಲಿ ಕೂತ. ಸಮಾಧಾನ ಹೇಳಲಿಲ್ಲ. ಎದ್ದು ಹೋಗಲೂ ಇಲ್ಲ.

"ಕ್ಷಮಿಸೋದು ನನ್ನ ಕೈಲಿಲ್ಲ, ಹರಿಣಿ. ಅದು ಅಜ್ಜಿಯದ್ದು."

"ಗೊತ್ತು. ಜೀವ ಇರೋ ತನಕ ನನ್ನ ಜೊತೆಗೇ ಇರ್ತದೆ ಅದು." ಕಣ್ಣೊರೆಸಿಕೊಂಡಳು. "ಮನೆಗೆ ಒಂದ್ಸಲ ಬರ್ಲಾ? ಅಜ್ಜಿ ಕೂರುತ್ತಿದ್ದ ಜಾಗಕ್ಕೆ ಕೈಮುಗಿದು ಬರ್ತೇನೆ."

"ಬಾ. ಅಮ್ಮ ಮೊದಲು ಬೈತಾಳೆ."

"ಬೈಲಿ. ಆಮೇಲೆ?"

"ಊಟ ಹಾಕ್ತಾಳೆ. ಉಂಡ್ಕಂಡು ಹೋಗು."

"ಹೋಗಲಿಕ್ಕೆ ಮನಸ್ಸಾಗದಿದ್ರೆ...?"

ಅವನು ಅವಳ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು.

"ಅದನ್ನ ಅಮ್ಮನ ಹತ್ರ ಅಲ್ಲ, ನನ್ನ ಹತ್ರ ಕೇಳು."

ಹರಿಣಿ ಕೇಳಿದಳು. ಈ ಸಲ, ಉತ್ತರ ಬರುವ ತನಕ ಕಾದಳು.