ಲೂಸಿಲಳ ಎಡಗೈ

ಅಂಗಡಿಯ ಬಾಗಿಲ ಗಂಟೆ ಸದ್ದಾದದ್ದೇ ತಡ, ಗೋದೆಲ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದ. ಕ್ಲೆಮಾನ್ಸಳನ್ನು ಕಂಡು ಅವನ ಮುಖ ಅರಳಿತು.

"ಬನ್ನಿ ಮದ್ಮೊಸೆಲ್. ಮೂರು ವಾರ ಆಯ್ತು. ಪ್ಯಾರಿಸ್‌ನಲ್ಲಿ ಬೇರೆ ಬಣ್ಣದಂಗಡಿ ಸಿಕ್ಕಿಬಿಡ್ತೇನೋ ಅಂದ್ಕೊಂಡಿದ್ದೆ."

ಕ್ಲೆಮಾನ್ಸ್ ನಗಲಿಲ್ಲ. ಬೆಳಕಿಗೆ ಬೆನ್ನು ಹಾಕಿ ನಿಂತಿದ್ದರಿಂದ ಅವಳ ಕರಿಬಟ್ಟೆ ಅವನಿಗೆ ಕಾಣಿಸಲಿಲ್ಲ. ಅಷ್ಟಕ್ಕೂ ಈ ಆರು ವರ್ಷದಲ್ಲಿ ಗೋದೆಲ್ ಅವಳ ಕಣ್ಣು ಬಿಟ್ಟು ಬಟ್ಟೆ ನೋಡಿದವನೇ ಅಲ್ಲ.

"ನನ್ನ ಚಿತ್ರ ಇಲ್ಲೇ ಇದೆಯಾ?" ಎಂದಳು. "ನಾಡಿದ್ದು ಪ್ರದರ್ಶನಕ್ಕೆ ತೂಗುಹಾಕ್ತಾರೆ. ಇನ್ನೂ ಸ್ವಲ್ಪ ಕೆಲಸ ಇದೆ."

"ಕೆಲಸವಾ? ಎಲ್ಲಾ ಆಗಿದೆ, ನೋಡಿ." ಅವನು ಉತ್ಸಾಹದಿಂದ ಬಟ್ಟೆ ಸರಿಸಿದ.

ಚಿತ್ರದೊಳಗೆ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅವಳ ತಂಗಿ ಲೂಸಿಲ್ ಕೂತಿದ್ದಳು. ಬಿಳಿಯ ಹೊಸ ಚೌಕಟ್ಟು ಬಂದಿತ್ತು. ಚಿತ್ರದ ಮೇಲೆ ಗಾಜಿನ ಹಾಗೆ ವಾರ್ನಿಷ್ ಹೊಳೆಯುತ್ತಿತ್ತು. ಬೆಳಗಿನ ಬೆಳಕಿನಂತಿದ್ದ ಬಿಳಿ ಅಂಗಿ ಜೇನುಬಣ್ಣಕ್ಕೆ ತಿರುಗಿತ್ತು. ಎಡಗೈ ಇರಬೇಕಾದಲ್ಲಿ ಮೂರೇ ಮೂರು ಗುಲಾಬಿ ಗೀರುಗಳು ವಾರ್ನಿಷ್ ಅಡಿಯಲ್ಲಿ ಸಿಕ್ಕಿಕೊಂಡಿದ್ದವು.

ಕಿರುಚಿಕೊಳ್ಳಬೇಕಿತ್ತು. ಕ್ಲೆಮಾನ್ಸಳಿಗೆ ಏನೂ ಅನ್ನಿಸಲಿಲ್ಲ. ಮೂರು ವಾರದಿಂದ ಅವಳ ಮನಸ್ಸು ಹೀಗೇ ಮರಗಟ್ಟಿತ್ತು. ಸೂಪು ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ.

"ನಾನು ವಾರ್ನಿಷ್ ಹಚ್ಚಲ್ಲ ಅಂತ ನಿಮಗೆ ಗೊತ್ತಲ್ಲ, ಮೊಸ್ಯೂ ಗೋದೆಲ್."

"ಗೊತ್ತು. ಆದ್ರೆ ಆವತ್ತು ಬೆಳಿಗ್ಗೆ ನೀವು ಓಡಿಬಂದು ಚಿತ್ರ ನನ್ನ ಕೈಗಿಟ್ಟು 'ಮುಗೀತು' ಅಂದ್ರಿ. ನಾನು ಬಾಯಿ ತೆರೆಯೋದ್ರೊಳಗೆ ಹೊರಟೇ ಹೋದ್ರಿ. ಇಷ್ಟು ವರ್ಷದಲ್ಲಿ ನಿಮ್ಮ ಬಾಯಲ್ಲಿ ಆ ಮಾತು ಕೇಳಿದ್ದೇ ಇಲ್ಲ. ಇದೊಂದು ಚಿತ್ರ ನೂರು ವರ್ಷ ಕೆಡದೆ ಉಳೀಲಿ ಅಂತ ಮೂರು ಸಲ ಹಚ್ಚಿದೆ."

"ನಾನು ಹೇಳಿದ್ದು ಚಿತ್ರದ ಮಾತಲ್ಲ."

ಅವಳು ಬೆಳಕಿಗೆ ತಿರುಗಿದಳು. ಆಗ ಅವನು ಸಾವಿನ ಮನೆಯವರು ತೊಡುವ ಆ ಕರಿಬಟ್ಟೆ ನೋಡಿದ. ನೋಡಿ ಸ್ಟೂಲಿನ ಮೇಲೆ ಕುಸಿದು ಕೂತ.

"ಲೂಸಿಲ್ ಮದ್ಮೊಸೆಲ್?"

"ಅವಳ ಎಡಗೈ ಬಿಡಿಸ್ತಾ ಇದ್ದೆ. ಕೈ ಅಲ್ಲಾಡಿಸ್ಬೇಡ ಕಣೇ ಅಂದೆ. ಮತ್ತೆ ಅಲ್ಲಾಡಿಸಲೇ ಇಲ್ಲ." ಪಕ್ಕದ ಮನೆಯ ಸುದ್ದಿ ಹೇಳುವ ದನಿಯಲ್ಲೇ ಹೇಳಿದಳು. "ಅಮ್ಮ ಚರ್ಚಿಗೆ ಹೋಗಿದ್ಲು. ನಾನು ಚಿತ್ರ ಎತ್ಕೊಂಡು ಬೀದಿಗೆ ಬಂದ್ಬಿಟ್ಟೆ."

ಗೋದೆಲ್ ಎದ್ದು ಟರ್ಪೆಂಟೈನ್ ಸೀಸೆ ತೆಗೆದ. ಮತ್ತೆ ಅಲ್ಲೇ ಇಟ್ಟ. ವಾರ್ನಿಷ್ ಮೇಲೆ ಹೊಸ ಬಣ್ಣ ಕೂರುವುದಿಲ್ಲ, ಹಸಿಬಣ್ಣದ ಮೇಲಿನ ವಾರ್ನಿಷ್ ತೆಗೆಯಲು ಹೋದರೆ ಮುಖವೂ ಅದರ ಜೊತೆ ಬಂದುಬಿಡುತ್ತದೆ, ಇಬ್ಬರಿಗೂ ಗೊತ್ತಿತ್ತು.

"ನನ್ನ ಕೈಗೆ ಬೆಂಕಿ ಹಾಕ," ಎಂದ ಅವನು. "ಅಂಗಿಯ ಬಿಳುಪನ್ನೂ ಕೊಂದೆ, ಕೈ ಮುಗಿಸೋದಕ್ಕೂ ಬಿಡಲಿಲ್ಲ. ಪತ್ರಿಕೆಯವರು ಆ ಕೈ ನೋಡಿ ಹೂಕೋಸು ಅಂತಾರೆ."

"ಹೋದ ವರ್ಷ ಮುಖಕ್ಕೇ ಅಂದಿದ್ರು."

ಅಂಥ ಹೊತ್ತಿನಲ್ಲೂ ಅವನಿಗೆ ನಗು ಬಂದು, ನಕ್ಕಿದ್ದಕ್ಕೆ ನಾಚಿಕೆಯಾಗಿ, ಕಿವಿ ಕೆಂಪಾಯಿತು. ಆ ಕೆಂಪು ಕ್ಲೆಮಾನ್ಸಳ ಕಣ್ಣಿಗೆ ಬಿತ್ತು. ಮೂರು ವಾರದಲ್ಲಿ ಅವಳು ನೋಡಿದ ಮೊದಲ ಬಣ್ಣ ಅದು. ಲೂಸಿಲ್ ಛೇಡಿಸುತ್ತಿದ್ದುದು ನೆನಪಾಯಿತು: 'ಆ ಗೋದೆಲ್ ನಿನ್ನ ಟ್ಯೂಬಿಗೆ ಮಾತ್ರ ಬಾಯಿ ಮುಚ್ಚಲಾಗದಷ್ಟು ಬಣ್ಣ ತುಂಬ್ತಾನಲ್ಲ ಅಕ್ಕಾ, ಯಾಕಿರಬಹುದು?'

"ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ," ಎಂದ ಗೋದೆಲ್. "ನಿಮ್ಮ ಮೇಲೆ ಇಷ್ಟು ಪ್ರೀತಿ ಇಟ್ಕೊಂಡು, ನೀವು ಹೇಳಿದ ಒಂದು ಮಾತು ನೆಟ್ಟಗೆ ಕೇಳಿಸ್ಕೊಳ್ಳಲಿಲ್ಲ."

ಪ್ರೀತಿ ಎಂಬ ಮಾತು ಬಾಯಿ ಜಾರಿ ಬಂದದ್ದು ಅವನಿಗೆ ತಿಳಿಯಲೇ ಇಲ್ಲ. ಅವಳಿಗೆ ತಿಳಿಯಿತು.

ಮನೆಯ ಎದುರೇ ಡಾಕ್ಟರಿದ್ದರು. ಬೀದಿ ತಿರುಗಿದರೆ ಚರ್ಚು, ಚರ್ಚಿನಲ್ಲಿ ಅಮ್ಮ. ಆವತ್ತು ಅಷ್ಟೆಲ್ಲ ದಾಟಿ, ಹ್ಯಾಟೂ ಇಲ್ಲದೆ, ನಾಲ್ಕು ಬೀದಿ ಓಡಿಬಂದದ್ದು ಇಲ್ಲಿಗೆ. ಯಾಕೆಂದು ಅವಳು ಈವರೆಗೆ ಯೋಚಿಸಿರಲಿಲ್ಲ.

"ನೀವು ತಪ್ಪು ಕೇಳಿಸ್ಕೊಂಡ್ರಿ, ನಿಜ," ಎಂದಳು. "ಆದ್ರೆ ಲೂಸಿಲ್ ಹೋದ್ಲು ಅಂತ ನಾನು ಮೊದಲು ಹೇಳಿದ್ದು ನಿಮಗೆ. ಅಮ್ಮನಿಗಿಂತ ಮೊದಲು."

ಹೇಳುತ್ತಿದ್ದಂತೆ ಮಣ್ಣು ಮಾಡಿದ ದಿನವೂ ಬಾರದ ಅಳು ಬಂದು, ಅವಳು ಕೌಂಟರಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಗೋದೆಲ್ ಬಣ್ಣ ಮೆತ್ತಿದ ತನ್ನ ಕೈಯನ್ನು ಅವಳ ಕೈಯ ಹತ್ತಿರ ತಂದು ಇಟ್ಟ. ಸ್ವಲ್ಪ ಹೊತ್ತಿಗೆ ಅವಳೇ ಅದನ್ನು ಹಿಡಿದುಕೊಂಡಳು. ಬೆಚ್ಚಗಿತ್ತು.

"ಚಿತ್ರ ಪ್ರದರ್ಶನಕ್ಕೆ ಹೀಗೇ ಹೋಗಲಿ," ಎಂದಳು ಕಣ್ಣೊರೆಸಿಕೊಂಡು. "ನಾಳೆ ಬೆಳಿಗ್ಗೆ ಕಿಟಕಿ ಹತ್ರ ಕೂತ್ಕೊಳ್ಳಿ. ನಿಮ್ಮ ಕೈಯ ಚಿತ್ರ ಬಿಡಿಸ್ಬೇಕು."

"ಎಷ್ಟು ದಿನ ಬೇಕಾಗುತ್ತೆ?"

"ಗೊತ್ತಿಲ್ಲ. ಆದ್ರೆ ಇನ್ಮೇಲೆ ನಾನು ಮುಗೀತು ಅಂದ್ರೂ ನಂಬಬೇಡಿ."