ಎಣ್ಣಿ ಹಾಕೀನ್ರೀ

“ಎಣ್ಣಿ ಹಾಕೀನ್ರೀ,” ಎನ್ನುತ್ತ ಈರೇಶ ಬೈಕಿಗೆ ಕಿಕ್ ಹೊಡೆದ. ರಿಪೇರಿಯಾದ ಮೇಲೆ ಇವತ್ತೇ ಮೊದಲ ಓಟ, ಕೆ.ಆರ್. ಪುರದವರೆಗೆ. ಮರ್ಫಿ ಟೌನಿನ ತನ್ನ ಪುಟ್ಟ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಧನುಶ್ರೀ, ಅವನು ತಿರುಗಿ ನೋಡಿದ ಕೂಡಲೇ ಸ್ಪ್ಯಾನರ್ ಒರೆಸುವ ನಾಟಕ ಮಾಡಿದಳು. ಅಯ್ಯೋ, ಅದು ಯಾರಿಗೆ ಗೊತ್ತಾಗುವುದಿಲ್ಲ!

ಒಂದು ತಿಂಗಳಿಂದ ಅವನು ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ನೇರ ಇಲ್ಲಿಗೇ ಬರುತ್ತಿದ್ದ. ಅವನ ಹಳೇ ಟೂ ಸ್ಟ್ರೋಕ್ ಬೈಕನ್ನು ಇಬ್ಬರೂ ಸೇರಿ ಬಿಚ್ಚಿ, ಹೊಗೆ ಹೋಗುವ ದಾರಿಯನ್ನು ಉಜ್ಜಿ ಅಗಲ ಮಾಡಿ, ಹೊಸ ಪಿಸ್ಟನ್ ಕೂರಿಸಿದ್ದರು.

“ಎಂಜಿನ್ ಸರಾಗವಾಗಿ ಉಸಿರಾಡಿದ್ರೆ ಅಷ್ಟೇ ಪೆಟ್ರೋಲಲ್ಲಿ ಜಾಸ್ತಿ ಎಳೆಯುತ್ತೆ. ಇಲ್ಲಿ ನೋಡ್ರೀ ಸ್ವಾಮಿ!” ಎಂದು ಅವಳು ತೋರಿಸುತ್ತಿದ್ದಳು.

“ನೋಡಾಕತ್ತೀನಲ್ರೀ,” ಎನ್ನುತ್ತಿದ್ದ ಅವನು, ಅವಳ ಮುಖವನ್ನೇ ನೋಡುತ್ತ.

ಇವತ್ತು ಬೈಕು ಹೊರಟ ಮೇಲೆ ಒಳಗೆ ಬಂದವಳ ಕಣ್ಣು ಷೆಲ್ಫಿನ ಮೇಲೆ ಬಿತ್ತು. ಅವನ ಬೈಕಿಗೆಂದು ತಂದಿಟ್ಟಿದ್ದ ಆಯಿಲ್ ಬಾಟಲಿ ಅಲ್ಲೇ ಇತ್ತು. ಸೀಲೇ ಒಡೆದಿರಲಿಲ್ಲ.

ಆ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಇವಳ ಲೆಕ್ಕದಲ್ಲಿ ಎಣ್ಣೆ ಅಂದರೆ ಆಯಿಲ್. ಅವನ ರಾಯಚೂರಿನ ಕಡೆ ಎಣ್ಣಿ ಅಂದರೆ ಪೆಟ್ರೋಲು! ಬರೀ ಪೆಟ್ರೋಲಿನಲ್ಲಿ ಓಡಿದರೆ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಗಕ್ಕನೆ ನಿಂತುಬಿಡುತ್ತದೆ. ಅದೂ ಹಳೇ ಮದ್ರಾಸ್ ರಸ್ತೆಯಲ್ಲಿ, ಬೆನ್ನ ಹಿಂದೆ ಬಸ್ಸುಗಳಿರುವಾಗ.

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಸ್ಕೂಟರ್ ಹತ್ತಿ ಹೊರಟು, ಪ್ರತಿ ಸಿಗ್ನಲ್‌ನಲ್ಲೂ ಮಾಡಿದಳು. ಇಂದಿರಾನಗರದ ತಿರುವಿನಲ್ಲಿ ಜನ ಗುಂಪುಗೂಡಿದ್ದರು, ನಡುವೆ ಒಂದು ಬೈಕು ಮಗುಚಿಕೊಂಡಿತ್ತು. ಅವಳು ಸ್ಕೂಟರ್ ನಿಲ್ಲಿಸಿ ಒಳನುಗ್ಗಿದಳು. ಇಣುಕಿ ನೋಡಿದರೆ ಬೇರೆ ಯಾರದೋ ಗಾಡಿ, ನೀರಿನ ಕ್ಯಾನುಗಳು ಉರುಳಿದ್ದವು. ಸಮಾಧಾನಪಡುವಷ್ಟೂ ಪುರುಸೊತ್ತಿರಲಿಲ್ಲ.

ಬೈಯಪ್ಪನಹಳ್ಳಿ ಮೆಟ್ರೋ ಸ್ಟೇಷನ್ನಿನ ಮುಂದೆ ಅವನು ಬೈಕು ನಿಲ್ಲಿಸಿಕೊಂಡು, ಜೇಬಿನಿಂದ ಫೋನು ತೆಗೆಯುತ್ತಿದ್ದ.

“ಏನಾತ್ರೀ? ಫೋನು ನಿಲ್ಲಾಕ ಒಲ್ಲದು. ನೀವು ಯಾವತ್ತೂ ಫೋನ್ ಮಾಡಿದವ್ರಲ್ಲ, ಹೆದರಿ ನಿಂತೆ.”

ಅವಳು ಮೊದಲು ಬೈಕಿನ ಕೀ ಕಿತ್ತುಕೊಂಡಳು. “ಅದಕ್ಕೆ ಆಯಿಲ್ ಹಾಕೇ ಇಲ್ಲ!”

“ಹೌದಾ? ಅದನ್ನ ನೀವು ಹಾಕೀರಿ ಅಂದ್ಕೊಂಡಿದ್ದೆ. ಎಂಜಿನ್ನಿಗೆ ಏನೂ ಆಗಿಲ್ರೀ, ಬೇಕಾದ್ರ ನೋಡ್ರಿ...”

“ಎಂಜಿನ್ ಮನೆ ಹಾಳಾಗ್ಲಿ! ನಿನಗೇನಾದ್ರೂ ಆಗಿದ್ರೆ? ನೀನಿಲ್ದೆ ನಾನು ಏನೋ ಮಾಡ್ಲಿ?” ಅವಳು ನಡುರಸ್ತೆಯಲ್ಲೇ ಅತ್ತುಬಿಟ್ಟಳು. ಮೆಟ್ರೋದಿಂದ ಇಳಿದವರೆಲ್ಲ ತಿರುಗಿ ನೋಡಿದರು.

ಅವನು ಫೋನನ್ನು ಜೇಬಿಗೆ ಹಾಕಿದ.

“‘ನೀನು’ ಅಂದ್ರಿ.”

“ಅಂದೆ. ತಪ್ಪಾಯ್ತಾ?”

ಗ್ರೀಸ್ ಮೆತ್ತಿದ ಅವಳ ಕೈಯನ್ನು ಅವನು ಹಿಡಿದುಕೊಂಡ.

“ಇನ್ನೊಮ್ಮೆ ಅನ್ನು,” ಎಂದ.